ಎಳೆದ ಚುಕ್ಕಿ

ಪರದೆಯ ಮೇಲೆ ಸೈನಿಕ ನಡೆದರೆ ಸದ್ದು ನನ್ನ ಬೂಟಿನದು, ಬಾಗಿಲು ಕಿರುಗುಟ್ಟಿದರೆ ಅದು ನನ್ನ ಹಳೇ ಕುರ್ಚಿ. ಸಿನಿಮಾಗಳಿಗೆ ಸದ್ದು ಮಾಡುವುದೇ ನನ್ನ ಕಸುಬು. ಈ ಯುದ್ಧದ ಸಿನಿಮಾ ಮಾತ್ರ ನಮ್ಮ ಮನೆಯದೇ ಕಥೆ. ಶತ್ರುಗಳು ಸುತ್ತುವರಿದ ಗಡಿ ಠಾಣೆಯಿಂದ 'ಮದ್ದುಗುಂಡು ಕಳಿಸಿ' ಎಂದು ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಸಂದೇಶ ಕುಟ್ಟಿದವರು ನನ್ನ ಅಪ್ಪ. ಸಹಾಯ ಬರಲಿಲ್ಲ. ನಲವತ್ತೊಂದು ಜನ ಸತ್ತರು, ಅಪ್ಪ ಹೇಗೋ ಬದುಕಿ ಬಂದರು. 'ಸಂದೇಶವೇ ಬಂದಿಲ್ಲ, ಆಪರೇಟರ್ ಹೆದರಿ ಕಳಿಸಿಯೇ ಇಲ್ಲ' ಎಂದು ಸರ್ಕಾರ ಕೈತೊಳೆದುಕೊಂಡಿತು. ಅಪ್ಪ ಆಮೇಲೆ ಅದರ ಬಗ್ಗೆ ಬಾಯಿಯೇ ಬಿಡಲಿಲ್ಲ. ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕೊನೆಯ ದಿನ, ಸಂಜೆ ಐದಕ್ಕೆ ಸದ್ದಿನ ಕೆಲಸ ಮುಗಿಸಿ ಸಿನಿಮಾ ಕೊಟ್ಟುಬಿಡಬೇಕಿತ್ತು. ಎರಡು ಗಂಟೆಗೆ ಅಪ್ಪನನ್ನು ಸ್ಟುಡಿಯೋಗೆ ಎಳೆದು ತಂದೆ. ಸಂದೇಶದ ಸದ್ದು ಅವರ ಬೆರಳಿನದೇ ಆಗಬೇಕೆಂದು ನನ್ನ ಹಠ. ಮೋರ್ಸ್ ಕೀ ಮುಟ್ಟಿದ್ದೇ ತಡ, ಅಪ್ಪನ ಬೆನ್ನು ನೆಟ್ಟಗಾಯಿತು. ಪಟಪಟನೆ ಸಂದೇಶ ಮುಗಿಸಿ, ಒಂದು ಕ್ಷಣ ತಡೆದು, ಮತ್ತೆ ಮೂರು ಸಲ ಒತ್ತಿದರು.

"ಇದೇನಪ್ಪಾ?"

"ಉತ್ತರ. 'ಸಿಕ್ಕಿತು' ಅಂತ."

"ಉತ್ತರ ಬಂದಿತ್ತಾ?"

"ಬಂದಿತ್ತು. ವಿಚಾರಣೇಲಿ ಹೇಳ್ದೆ. ಯಾರೂ ಬರ್ಕೊಳ್ಳಲಿಲ್ಲ."

ನಿರ್ದೇಶಕ ತಲೆ ಕೆರೆದುಕೊಂಡ. "ಅಕ್ಕ, ಸರ್ಕಾರದ ವರದೀಲಿ ಇದಿಲ್ಲ. ಸಾಕ್ಷಿ?"

"ನಮ್ಮಪ್ಪನ ಕಿವಿ ಇದೆಯಲ್ಲ, ಸಾಲದಾ?" ಎಂದು ರೇಗಿದೆ. ಅವನು ಗಡಿಯಾರ ನೋಡಿ, ಅಪ್ಪನ ಮುಖ ನೋಡಿ, "ಹಾಕಿ" ಎಂದ.

ಕುಣಿಯುವಷ್ಟು ಖುಷಿಯಾಯಿತು. ಆದರೂ ಕಸುಬು ಬಿಡಬೇಕಲ್ಲ! ಚುಕ್ಕಿ, ಗೆರೆ, ಚುಕ್ಕಿ. ಗಿಡ್ಡಗಿರಬೇಕಾದ ಕೊನೆಯ ಚುಕ್ಕಿ ಉದ್ದವಾಗಿತ್ತು. "ಕತ್ತರಿಸ್ತೀನಿ" ಎಂದೆ.

"ಮುಟ್ಬೇಡ! ಆ ಕಡೆ ಸಂದೇಶ ತಗೊಂಡವನ ಕೈಯೇ ಹಾಗೆ, ಕೊನೇದನ್ನ ಎಳೀತಿದ್ದ. ಅವನ ಮುಖ ನೋಡಿಲ್ಲ ನಾನು. ಕುಟ್ಟೋ ಕೈ ಮಾತ್ರ ಗೊತ್ತು."

ಸಿನಿಮಾ ಬಿಡುಗಡೆಯ ಮೊದಲ ದಿನ, ಮೊದಲ ಆಟ. ಅಪ್ಪ ನನ್ನ ಮುಂಗೈ ಬಿಗಿಯಾಗಿ ಹಿಡಿದಿದ್ದರು. ಪರದೆಯ ಮೇಲೆ ಸಂದೇಶ ಹೋಯಿತು. ಚುಕ್ಕಿ, ಗೆರೆ, ಎಳೆದ ಚುಕ್ಕಿ. ನಮ್ಮ ಮುಂದಿನ ಸಾಲಿನಲ್ಲಿ ಕೋಲು ಹಿಡಿದ ಮುದುಕರೊಬ್ಬರು ಎದ್ದು ನಿಂತರು.

"ಅದು ನನ್ನ ಕೈ!"

"ಕೂತ್ಕೊಳ್ರೀ" ಎಂದು ಹಿಂದಿನವರು ಗದರಿದರು. ಅಷ್ಟರಲ್ಲಿ ಇಂಟರ್‌ವಲ್ ದೀಪ ಹತ್ತಿತು. ಅಪ್ಪ ಮುಂದೆ ಬಾಗಿ, ಆ ಸೀಟಿನ ಬೆನ್ನಿಗೆ ತಮ್ಮ ಠಾಣೆಯ ಸಂಕೇತ ಕುಟ್ಟಿದರು. ಮುದುಕರು ಕೋಲಿನಿಂದ ನೆಲಕ್ಕೆ ಉತ್ತರ ಕುಟ್ಟಿದರು. ಕೊನೆಗೆ ಕೋಲನ್ನು ಎತ್ತದೆ ಎಳೆದರು.

"ನಿಮ್ಮ ಸಂದೇಶ ಬರೆದು ಕೊಟ್ಟ ಹಾಳೇನ ಮೇಲಿನವರು ನನ್ನೆದುರೇ ಹರಿದ್ರು. ಬಾಯಿ ಮುಚ್ಕೊಂಡಿರು ಅಂದ್ರು. ಮುಚ್ಕೊಂಡೆ" ಎಂದರು.

ಅಪ್ಪ ಸುತ್ತ ಕೂತ ಜನರ ಕಡೆ ಕೈ ತೋರಿಸಿದರು. "ನನಗೆ ಹೇಳಿದ್ದು ಸಾಕು. ಈಗ ಇವರಿಗೆ ಹೇಳಿ."

ಮುದುಕರು ಜನರ ಕಡೆ ತಿರುಗಿ, ಹಿಂದಿನ ಸಾಲಿಗೂ ಕೇಳುವಂತೆ ಕೂಗಿದರು: "ಇವರು ಸಂದೇಶ ಕಳಿಸಿದ್ರು! ಒಂದಕ್ಷರ ಬಿಡದೆ ತಗೊಂಡವನು ನಾನು!"