ಎಂಟು ಲೋಡ್ ಮಣ್ಣು

ಕಡೂರಿನ ಹೊರಗೆ ಹಳೇ ರಸ್ತೆಯಲ್ಲಿದ್ದ ಪೆಟ್ರೋಲ್ ಬಂಕಿನಲ್ಲಿ ಇಪ್ಪತ್ತಾರು ವರ್ಷ ದುಡಿದವನು ನಾನು. ಟ್ಯಾಂಕರ್ ಬಂದ ಕೂಡಲೇ ಮುಚ್ಚಳ ತೆಗೆದು ಮೂಸುತ್ತಿದ್ದೆ. ಸೀಮೆಎಣ್ಣೆ ಒಂದು ಲೋಟ ಬೆರೆಸಿದ್ದರೂ ಹೇಳಿಬಿಡುತ್ತಿದ್ದೆ. 'ಮಂಜಪ್ಪ ಮೂಸಿದನಾ?' ಎಂದು ಕೇಳಿಯೇ ಮಾಲೀಕರು ಸಹಿ ಹಾಕುತ್ತಿದ್ದದ್ದು. ಅದು ನನ್ನ ತಲೆಗೇರಿತ್ತು, ಸುಳ್ಳು ಯಾಕೆ ಹೇಳಲಿ.

ಹೊಸ ಹೈವೇ ಬಂದ ಮೇಲೆ ಬಂಕು ಮುಚ್ಚಿತು. ಹೋದ ವರ್ಷ ರೇಣುಕಪ್ರಸಾದ್ ಎನ್ನುವವರು ಸೈಟು ಮಾಡುತ್ತೇವೆಂದು ಆ ಜಾಗ ಕೊಂಡರು. ಚರಂಡಿಗೆಂದು ಅಗೆದರೆ ಮಣ್ಣೆಲ್ಲ ಕಪ್ಪು. ನೆಲದೊಳಗಿನ ಟ್ಯಾಂಕು ಎಷ್ಟು ವರ್ಷದಿಂದ ಸೋರಿತ್ತೋ. ಮಣ್ಣು ಶುದ್ಧವಾಗದೆ ಲೇಔಟಿಗೆ ಅನುಮತಿ ಇಲ್ಲ ಎಂದರು ಅಧಿಕಾರಿಗಳು. ಆಮೇಲೆ ಕೃತಿಕಾ ಎಂಬ ಎಂಜಿನಿಯರಮ್ಮ ಬಂದು ಟ್ಯಾಂಕು ಎತ್ತಿಸಿ, ಮಣ್ಣನ್ನು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿ ರಾಶಿಗಳನ್ನು ಹಾಕಿಸಿದಳು. ಗೊಬ್ಬರ ಬೆರೆಸಿ, ನೀರು ಚಿಮುಕಿಸಿ, ವಾರಕ್ಕೊಮ್ಮೆ ಜೆಸಿಬಿಯಲ್ಲಿ ಮಗುಚಬೇಕು. ಎಣ್ಣೆಯನ್ನು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಹುಳುಗಳೇ ತಿನ್ನುತ್ತವಂತೆ. ಹಳೇ ಬಂಕಿನವನೆಂದು ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಕೊಟ್ಟರು. ಐದು ತಿಂಗಳು ಮಗುಚಿಸಿ ಮಗುಚಿಸಿ ಸಾಕಾಗಿ ಹೋಗಿತ್ತು.

ನಮ್ಮಕ್ಕ ದುರ್ಗಮ್ಮ ಎಮ್ಮೆದೊಡ್ಡಿ ಕಡೆ, ದನ ಮೇಯುವ ಕಾವಲಿನ ಪಕ್ಕ ಇದ್ದಾಳೆ. ನನ್ನನ್ನು ಎತ್ತಿ ಆಡಿಸಿದವಳು. ಅವಳದು ನಲವತ್ತು ತೆಂಗಿನ ಸಸಿ, ಒಂದು ಬಾವಿ. ಬೇಸಿಗೆಯಲ್ಲಿ ಕೆರೆ ಒಣಗಿದರೆ ಎಲ್ಲರೂ ತಳದ ಗೋಡು, ಅಂದರೆ ಕರೀ ಹೂಳು ಮಣ್ಣು, ಹೊಡೆದು ತೆಂಗಿನ ಬುಡಕ್ಕೆ ಹಾಕುತ್ತಾರೆ. ಎರಡು ವರ್ಷದಿಂದ ಕೆರೆ ಬತ್ತಿಲ್ಲ, ಗೋಡು ಸಿಕ್ಕಿಲ್ಲ. ಒಂದು ದಿನ ಬಂದು ರಸ್ತೆಯಲ್ಲೇ ನಿಂತು ನನ್ನ ರಾಶಿ ನೋಡಿದಳು.

"ಲೇ ಮಂಜ, ಇಷ್ಟೊಂದು ಕರೀ ಮಣ್ಣು ಕಾಯ್ಕೊಂಡು ಕೂತಿದ್ಯಲ್ಲ, ನಾಕು ಲೋಡು ನಂಗಾಗಲ್ವೇನೋ?"

"ಪೆಟ್ರೋಲ್ ಕುಡಿದ ಮಣ್ಣು ಕಣಕ್ಕ. ಟೆಸ್ಟಿಗೆ ಕಳ್ಸವ್ರೆ."

"ನಿನ್ ಮೂಗಿಗಿಂತ ದೊಡ್ಡ ಟೆಸ್ಟು ಯಾವ್ದೋ?"

ಅಷ್ಟು ಸಾಕಾಯಿತು ನನಗೆ. ಅವಳು ಹೋದ ಮೇಲೆ ಮೊದಲನೇ ರಾಶಿಯಿಂದ ಒಂದು ಹಿಡಿ ಎತ್ತಿ ಮೂಸಿದೆ. ಏನೂ ಇಲ್ಲ. ಬೆರೆಸಿದ್ದ ಗೊಬ್ಬರದ ವಾಸನೆಯೂ ಇರಲಿಲ್ಲ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಅಕ್ಕ ಕೇಳಿದ್ದು ನಾಲ್ಕು; ರಿಪೋರ್ಟು ಬರುವ ಮೊದಲೇ, ಬಾಡಿಗೆಗೆ ಓಡಿಸುವ ಹೊನ್ನೇಶನ ಟ್ರ್ಯಾಕ್ಟರಿನಲ್ಲಿ ನಾನು ಎಂಟು ಲೋಡ್ ಕಳಿಸಿದೆ. ಭಾನುವಾರ ಹೋಗಿ ಸಸಿಗಳ ಪಾತಿಗೆ ನಾನೇ ಹರಡಿ ಬಂದೆ.

ಮೂರು ವಾರಕ್ಕೆ ಕೃತಿಕಾ ಮೇಡಂ ರಿಪೋರ್ಟ್ ಹಿಡಿದು ಬಂದಳು.

"ಮೊದಲನೇ ರಾಶಿ ಪಾಸಾಗಿಲ್ಲ ಮಂಜಪ್ಪನವರೇ. ಇನ್ನೂ ಆರು ತಿಂಗಳು ಮಗುಚಬೇಕು."

"ವಾಸ್ನೆನೇ ಇಲ್ವಲ್ಲ ಮೇಡಂ."

ಅವಳು ನನ್ನ ಮುಖವನ್ನೇ ನೋಡಿದಳು. "ಏನ್ ಹೇಳ್ತಿದೀರಿ? ಇಲ್ಲಿ ನಿಂತ್ರೇ ತಲೆ ನೋಯ್ತಿದೆ."

ನಾನು ಜೆಸಿಬಿಯ ಹತ್ತಿರ ಹೋಗಿ ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಗಿಟ್ಟೆ. ಬರೀ ಗಾಳಿ. ಇಷ್ಟು ವರ್ಷ ಅನ್ನ ಹಾಕಿದ ಮೂಗು ಯಾವತ್ತು ಸತ್ತಿತೋ, ನನಗೆ ಗೊತ್ತೇ ಆಗಿರಲಿಲ್ಲ. ಮುಚ್ಚಳ ತಿರುಗಿಸಿ ಮುಚ್ಚಿದೆ. ಎಂಟು ಲೋಡಿನ ವಿಷಯ ಬಾಯಿಬಿಟ್ಟೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಲ್ಲಿ ಬಾವಿ ಇದೆಯಾ?"

"ಐತೆ. ಕುಡಿಯೋದೂ ಅದೇ ನೀರು."

"ಮಳೆ ಬರೋದ್ರೊಳಗೆ ಅಷ್ಟೂ ಮಣ್ಣು ವಾಪಸ್ ತನ್ನಿ. ಮಳೆ ನೀರಲ್ಲಿ ಎಣ್ಣೆ ಬಾವಿಗೆ ಇಳಿದ್ರೆ ಆಮೇಲೆ ಏನೂ ಮಾಡೋಕಾಗಲ್ಲ."

ಬಡಗಲಿಗೆ ಮೋಡ ಕಟ್ಟಿತ್ತು. ಹೊನ್ನೇಶನ ಟ್ರ್ಯಾಕ್ಟರ್ ಹತ್ತಿ ಹೋದೆ. ಅರ್ಧದಷ್ಟು ಸಸಿಗಳ ಗರಿಯ ತುದಿ ಹಳದಿಯಾಗಿತ್ತು. ಅಕ್ಕ ಬಾವಿಯಿಂದ ನೀರು ಸೇದುತ್ತಿದ್ದಳು. ಇರುವುದನ್ನು ಇದ್ದ ಹಾಗೆ ಹೇಳಿದೆ. ಅವಳು ಕೊಡ ಕೆಳಗಿಟ್ಟಳು.

"ವಾಸ್ನೆ ಮೊದಲ್ನೇ ದಿನವೇ ಬಂತು ಕಣೋ," ಎಂದಳು.

"ಮತ್ಯಾಕಕ್ಕ ಹೇಳ್ಲಿಲ್ಲ?"

"ನೀನು ಮೂಸಿ ಕಳ್ಸಿದ್ದಲ್ವಾ. ನನ್ ಮೂಗೇ ಕೆಟ್ಟಿರ್ಬೇಕು ಅಂದ್ಕೊಂಡೆ."

ನನಗೆ ಅಳು ಬಂತು. ಅವಳ ಮುಂದೆ ಅಳಲು ನಾಚಿಕೆಯಾಗಿ ಗುದ್ದಲಿ ತೆಗೆದುಕೊಂಡು ಮೊದಲನೇ ಪಾತಿಗೆ ಇಳಿದೆ. ನಾನು ಕೆರೆದು ಹಾಕಿದ್ದನ್ನು ಹೊನ್ನೇಶ ತುಂಬಿದ. ಆದರೆ ಎಲ್ಲಿಯವರೆಗೆ ತೆಗೆಯಬೇಕು? ಎಣ್ಣೆ ಎಷ್ಟು ಆಳಕ್ಕೆ ಇಳಿದಿದೆ? ನನಗೆ ಹೇಗೆ ಗೊತ್ತಾಗಬೇಕು? ಗುದ್ದಲಿ ಹಿಡಿದು ಸುಮ್ಮನೆ ನಿಂತುಬಿಟ್ಟೆ.

ಅಕ್ಕ ಮಂಡಿ ಹಿಡಿದುಕೊಂಡು ಬಂದು ಪಾತಿಯ ಅಂಚಿಗೆ ಕೂತಳು. ಒಂದು ಹಿಡಿ ಮಣ್ಣು ಮೂಗಿಗೆ ಹಿಡಿದಳು. "ತೆಗಿ," ಎಂದಳು. ಗೇಣಷ್ಟು ಆಳ ತೆಗೆದೆ. ಮತ್ತೆ ಮೂಸಿದಳು. "ಈಗ ಸಾಕು, ಮುಂದಕ್ಕೆ ನಡಿ."

ಹನ್ನೊಂದನೇ ಸಸಿಯ ಹತ್ತಿರ ಇರುವಾಗ ಹನಿ ಶುರುವಾಯಿತು. ಬಾವಿಯ ಕಡೆ ಇಬ್ಬರೂ ನೋಡಲಿಲ್ಲ. ಅಕ್ಕ ಸೆರಗು ತಲೆಗೆ ಹೊದ್ದು, ಒದ್ದೆ ಮಣ್ಣು ಎತ್ತಿ ಮೂಸಿದಳು.

"ಇನ್ನೂ ಐತೆ," ಎಂದಳು.

ನಾನು ಗುದ್ದಲಿ ಎತ್ತಿದೆ.