ಜಟ್ಟೆಮ್ಮನ ಮಲ್ಲಿಗೆ ತೋಟ

ಕಾವೇರಿ ಹಳೇ ಬನಿಯನ್ ಬಟ್ಟೆಯಿಂದ ಫೋನುಗಳನ್ನು ಒರೆಸುತ್ತಿದ್ದಳು. ಇಂದಿರಾನಗರದ ಆ ಆಫೀಸಿನಲ್ಲಿ ಮೊಬೈಲ್ ಆಟ ಆಡಿ ತಪ್ಪು ಹುಡುಕುವ ಅವಳೂ ಸೇರಿ ಹನ್ನೆರಡು ಮಂದಿಯ ಬೆರಳಿನ ಜಿಡ್ಡು. ಒಂದೊಂದನ್ನೂ ಒರೆಸಿ ನಂಬರಿನ ಪ್ರಕಾರ ಟ್ರೇಯಲ್ಲಿಟ್ಟಳು. ನಾಳೆ ಹೂದೋಟ ಬೆಳೆಸುವ ಹೊಸ ಆಟದ ಬಿಡುಗಡೆ.

ಕೊನೆಗೆ ತನ್ನ ಚೀಲದಿಂದ ಇನ್ನೊಂದು ಫೋನ್ ತೆಗೆದು ಟೀಮ್ ಲೀಡರ್ ನರೇಶನ ಮುಂದಿಟ್ಟಳು. ಗಾಜು ಬಿರುಕು ಬಿಟ್ಟಿತ್ತು.

"ಸರ್, ಆಡೋವಾಗ ಕಾಲ್ ಬಂದ್ರೆ ತೋಟ ಪೂರ್ತಿ ಅಳಿಸಿ ಹೋಗ್ತದ್ರಿ. ತಪ್ಪಿನ ಲಿಸ್ಟಿನ್ಯಾಗ ಮೂರು ಸಲ ಬರ್ದೀನಿ."

"ಯಾರದಮ್ಮಾ ಈ ಡಬ್ಬಾ ಫೋನು?"

"ನಮ್ಮವ್ವಂದು. ಪರೀಕ್ಷೆಗಂತ ಆಟ ನಾನೇ ಹಾಕಿಕೊಟ್ಟೀನ್ರಿ."

"ನಮ್ಮ ಫೋನುಗಳಲ್ಲಿ ಹಂಗೆ ಆಗಲ್ವಲ್ಲ. ಆಟದ ಮಧ್ಯೆ ಯಾರು ಕಾಲ್ ಮಾಡ್ತಾರೆ?"

"ಕೆಲಸದ ಮನೆಯೋರು ಮಾಡ್ತಾರ್ರಿ."

ಪಕ್ಕದ ಸುಗತ ಕಿಸಕ್ಕನೆ ನಕ್ಕ. ನರೇಶ ದನಿ ತಗ್ಗಿಸಿದ. "ಲಿಸ್ಟಲ್ಲಿ ಒಂದೂ ತಪ್ಪು ಬಾಕಿ ಇರಬಾರ್ದು ಅಂತ ಮೇಲಿಂದ ಹೇಳಿದಾರೆ. ನೀನೇ ಬರ್ದಿದ್ದು, ನೀನೇ ಕ್ಲೋಸ್ ಮಾಡು. 'ಸರಿಹೋಗಿದೆ' ಅಂತ ಒತ್ತು. ಮುಂದಿನ ವಾರ ನೋಡೋಣ."

ಅಲ್ಲಿನ ರೂಢಿಯೇ ಅದು. ಬರೆದವರೇ ಮುಚ್ಚಬೇಕು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಕುರ್ಚಿ ಕೊಟ್ಟ ಜಾಗ. ಕಾವೇರಿ ಒತ್ತಿದಳು; ಮುಚ್ಚಿದವರ ಜಾಗದಲ್ಲಿ ಅವಳ ಹೆಸರು ಬಿತ್ತು.

ಐದೇ ದಿನಕ್ಕೆ ಸಾವಿರಾರು ಜನರ ತೋಟಗಳು ಅಳಿಸಿಹೋದವು. ಆಡುವವರು ಬಾಯಿಗೆ ಬಂದಂತೆ ಬೈದರು. ಕಂಪನಿ ಕ್ಷಮೆ ಕೇಳಿ ಆನ್‌ಲೈನಲ್ಲಿ ಪತ್ರ ಹಾಕಿತು: 'ಪರೀಕ್ಷೆ ಮಾಡುವ ಒಬ್ಬರ ನಿರ್ಲಕ್ಷ್ಯ. ಅವರನ್ನು ಕೆಲಸದಿಂದ ತೆಗೆದಿದ್ದೇವೆ.'

ಜನ ಕರಗಿಹೋದರು. 'ತಪ್ಪು ಒಪ್ಕೊಂಡ್ರಲ್ಲ ಗುರು, ಕ್ಷಮಿಸೋಣ.' 'ಪಾಪ, ಯಾರೋ ಒಬ್ಬ ದಂಡಪಿಂಡದಿಂದ ಇವರಿಗೆ ಕೆಟ್ಟ ಹೆಸರು.' ಸಾಲುಸಾಲು ಕೆಂಪು ಹೃದಯಗಳು.

ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ, ಕೆಲಸ ಕಳೆದುಕೊಂಡ ಕಾವೇರಿ ಅದನ್ನೆಲ್ಲ ಓದುತ್ತಿದ್ದಾಗ ಅವ್ವ ಜಟ್ಟೆಮ್ಮ ಕುಕ್ ಟೌನಿನ ಮನೆಗೆಲಸ ಮುಗಿಸಿ ಬಂದಳು. ಬಸ್ಸಿನಲ್ಲಿ ಕೂತು ದಿನಕ್ಕೊಂದು ಮಲ್ಲಿಗೆ ಬಳ್ಳಿ ನೆಡುತ್ತಿದ್ದವಳು. ಖಾಲಿ ಪರದೆ ತೋರಿಸಿದಳು.

"ಮತ್ತ ಹೋತಲ್ಲವ್ವಾ ನನ್ನ ಮಲ್ಲಿಗಿ. ಅಮ್ಮಾರು ಫೋನ್ ಹಚ್ಚಿದ್ರು, ಹೋತು. ಆಫೀಸಿನ್ಯಾಗ ಹೇಳ್ತೀನಿ ಅಂದಿದ್ದಿ. ಹೇಳಲೇ ಇಲ್ಲೇನು?"

ಬೈದಿದ್ದರೆ ತಡೆಯಬಹುದಿತ್ತು. ಅವ್ವ ಬರೀ ಕೇಳಿದಳು.

ಮರುದಿನ ಕಾವೇರಿ ಗುರುತಿನ ಕಾರ್ಡು ಹಿಂತಿರುಗಿಸಲು ಹೋದಳು. ನರೇಶ ತೆಗೆದುಕೊಂಡ, ಮುಖ ನೋಡಲಿಲ್ಲ. ಎಂದೂ ದನಿ ಎತ್ತದವಳು ಕೋಣೆಯ ನಡುವೆ ನಿಂತಳು. ಅವ್ವನಿಗೆ ಫೋನ್ ಹಚ್ಚಿ, ಎಲ್ಲರ ಕಡೆಗೂ ಚಾಚಿದಳು.

"ನನಗ ಈ ಕೆಲಸ ವಾಪಸ್ ಬ್ಯಾಡ. ನಾನು ಮೂರು ಸಲ ಬರ್ದಿದ್ದೆ ಅಂತ ಯಾರಾದ್ರೂ ಒಬ್ರು ನಮ್ಮವ್ವಗ ಹೇಳ್ರಿ."

ಹನ್ನೊಂದು ತಲೆಗಳು ಹನ್ನೊಂದು ಫೋನುಗಳ ಮೇಲೆ ಬಗ್ಗಿದ್ದವು. ಆ ಕಡೆಯಿಂದ ಜಟ್ಟೆಮ್ಮ, "ಹಲೋ... ಹಲೋ..." ಅನ್ನುತ್ತಲೇ ಇದ್ದಳು.