ವೆಂಕಮ್ಮಕ್ಕ ತಿದ್ದಿದ ತೂಕ

ಉಣ್ಣುತ್ತಿರುವ ಮಗು ಮುಖ ತಿರುಗಿಸಿದರೆ ಹೆಗ್ಗರಣೆಯ ಅಂಗನವಾಡಿ ಶಿಕ್ಷಕಿ ವೆಂಕಮ್ಮಕ್ಕ ತಾವೂ ಮುಖ ತಿರುಗಿಸುತ್ತಾರೆ. ಯಾರದೋ ಮನೆಯಾಗಲಿ, ಮದುವೆಯ ಪಂಕ್ತಿಯಾಗಲಿ, ಮೂಲೆಯಲ್ಲೊಬ್ಬಳು ತಾಯಿ "ಇನ್ನೊಂದೇ ತುತ್ತು" ಎಂದು ಗೋಗರೆಯುತ್ತಿದ್ದರೆ ಸಾಕು, ಇವರ ಮಾತು ಅರ್ಧಕ್ಕೆ ನಿಂತು, ತುಟಿ ಬಿಗಿದು, ಗಲ್ಲ ಎಡಕ್ಕೆ ಹೊರಳುತ್ತದೆ. ಆ ತುತ್ತು ತಮ್ಮ ಬಾಯಿಗೇ ಬರುತ್ತಿದೆಯೇನೋ ಎಂಬಂತೆ. ಆಮೇಲೆ ಒಂದೇ ಪ್ರಶ್ನೆ: "ಕೂಸಿನ ಹತ್ರ ಕೇಳಿದ್ಯೇನೆ?"

ಊರ ಕೂಸುಗಳನ್ನು ತೂಗುವ ತಕ್ಕಡಿಯ ಚೀಲವನ್ನು ಇಪ್ಪತ್ತು ವರ್ಷ ಬಲಭುಜಕ್ಕೆ ಹಾಕಿ ಹಾಕಿ, ಚೀಲವಿಲ್ಲದ ದಿನವೂ ಅವರು ಬಲಕ್ಕೆ ವಾಲಿಯೇ ನಡೆಯುತ್ತಾರೆ. ಬೆಳಗಿನ ಮಂಜಿನಲ್ಲಿ ಕಂಡರೆ, ಕಾಣದ ಕೂಸೊಂದನ್ನು ತೂಗಿಕೊಂಡು ಹೋಗುತ್ತಿದ್ದಾರೆಂದೇ ಅನ್ನಿಸುತ್ತದೆ.

ನಾನಾದರೋ ಸಿದ್ದಾಪುರದಲ್ಲಿ ಕೊರಿಯರ್ ಹಂಚುವವನು. ದಿನವಿಡೀ ಪಾರ್ಸೆಲ್ ತೂಗಿ, ಪರದೆಯ ಮೇಲೆ ಮೂಡಿದ ಅಂಕಿಯೇ ಸತ್ಯ, ಡಬ್ಬಿಯೊಳಗಿನದು ಮಾಯೆ ಎಂಬ ಅದ್ವೈತಕ್ಕೆ ಬಂದು ಮುಟ್ಟಿದವನು. ಹೀಗಾಗಿ ನಮ್ಮ ನಾಲ್ಕು ತಿಂಗಳ ಅಭಿಜ್ಞಾ ಒಂದು ತಿಂಗಳಲ್ಲಿ ಬರೀ ನೂರು ಗ್ರಾಂ ಏರಿದ್ದಾಳೆಂದು ಅಂಗನವಾಡಿಯ ತೂಕದ ಕಾರ್ಡು ಹೇಳಿದಾಗ, ಹೆಂಡತಿ ರಕ್ಷಿತಾಳ ಮುಖ ನೋಡುವ ಮೊದಲೇ ಹಾಲಿನ ಪುಡಿಯ ಡಬ್ಬಿ ತಂದೆ. "ಇವಳ ಹಾಲು ಸಾಲೂದಿಲ್ಲ ಕಾಣ್ತದೆ" ಎಂದು ಅವ್ವ ಅಂದದ್ದೇ ತಡ, ರಕ್ಷಿತಾ ಮಾತು ಬಿಟ್ಟಳು. ಕೂಸು ಎದೆಗೆ ಮುಖ ತಂದಾಗಲೆಲ್ಲ, ಇಲ್ಲದ್ದನ್ನು ಇದೆಯೆಂದು ನಂಬಿಸುತ್ತಿರುವವಳಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವಳ ಅಳು ಒಂದು ವಾರವಾದರೂ ನಿಲ್ಲದಾಗ, ನಾಳೆಯಿಂದ ಬಾಟಲಿ ಎಂದು ನಾನು ತೀರ್ಪು ಕೊಟ್ಟೆ.

ಆದರೂ ವೆಂಕಮ್ಮಕ್ಕನಿಗೊಂದು ಮಾತು ಹೇಳೋಣವೆಂದು ಮಧ್ಯಾಹ್ನ ನಾಲ್ವರೂ ಹೋದೆವು. ಅಂಗನವಾಡಿಯ ಮಕ್ಕಳು ಚಾಪೆಯ ಮೇಲೆ ನಿದ್ದೆಹೋಗಿದ್ದರು. ದೂರದ ಉಂಚಳ್ಳಿ ಜಲಪಾತದ ಮೊರೆತ ಅವರ ಉಸಿರಿನೊಳಗಿಂದಲೇ ಹುಟ್ಟುತ್ತಿರುವಂತಿತ್ತು. ವೆಂಕಮ್ಮಕ್ಕ ಕಾರ್ಡು ನೋಡಲಿಲ್ಲ. "ಹಾಲು ಕೊಡು ತಂಗಿ" ಎಂದು ರಕ್ಷಿತಾಳನ್ನು ಗೋಡೆಗೊರಗಿಸಿ ಕೂರಿಸಿ, ನನಗೆ ಜಗಲಿ ತೋರಿಸಿದರು. ಬಾಗಿಲಾಚೆ ಕೂತು ಕೇಳಿದೆ: ಗುಟುಕಿನ ಸದ್ದು ಮೊದಲು ಚುರುಕಾಗಿ, ಆಮೇಲೆ ನಿಧಾನವಾಗಿ, ಕೊನೆಗೆ ಮೌನದೊಳಕ್ಕೆ ಕರಗಿತು.

"ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಮಾಡ್ತಾಳೆ?"

"ಏಳೆಂಟು, ಅಕ್ಕ." ರಕ್ಷಿತಾಳ ದನಿ.

"ಬಾಟಲೀಲಿ ಉಳಿದದ್ದು ಕಣ್ಣಿಗೆ ಕಾಣ್ತದೆ, ಹಾಗಾಗಿ ತುರುಕ್ತೇವೆ. ಎದೇಲಿ ಎಷ್ಟು ಉಳೀತು ಅಂತ ಯಾರಿಗೆ ಕಾಣ್ತದೆ? ಕೂಸು ಬಿಟ್ಟಾಗ ಬಿಡೂದು. ತನ್ನ ಹಸಿವು ಎಷ್ಟು ಅಂತ ಅದು ಹಂಗೇ ಕಲೀತದೆ."

ಆಮೇಲೆ ನನ್ನ ಅವ್ವನ ಕಡೆ ದನಿ ಹೊರಳಿತು. "ಹೋದ ತಿಂಗಳು ಚಳಿ ಅಂತ ಶಾಲು ಬಿಚ್ಚಲಿಕ್ಕೆ ಬಿಡ್ಲಿಲ್ಲ ನೀವು. ಒಳಗೆ ಎಂತ ಇತ್ತು ಅತ್ತೆ?"

ನಾನು ಇಣುಕಿದೆ. ಅಕ್ಷರ ಕಲಿಯದ ಅವ್ವ ಗೋಡೆಯ ಅಆಇಈ ಓದುತ್ತಿದ್ದಳು. ಕೊನೆಗೆ ಮಡಿಲಿನಿಂದ ಅಡಕತ್ತರಿ ತೆಗೆದಳು. ನಾಲ್ಕು ಜನರೆದುರು ತೂಗುವಾಗ ಕೂಸಿಗೆ ದೃಷ್ಟಿಯಾಗಬಾರದೆಂದು ಕಬ್ಬಿಣವನ್ನು ಒಳಗಿಟ್ಟೇ ಸುತ್ತಿದ್ದಳಂತೆ. ಈ ತಿಂಗಳು ಸೆಕೆಗೆ ಶಾಲೂ ಇರಲಿಲ್ಲ, ಅದೂ ಇರಲಿಲ್ಲ. ಕೂಸಿನ ಚೀಲದಲ್ಲಿದ್ದ ಆ ಶಾಲನ್ನೂ ಸೇರಿಸಿ ತಕ್ಕಡಿಗೆ ಹಾಕಿದರೆ ನಾನೂರು ಗ್ರಾಂ. ಅಂದರೆ ಕೂಸು ಏರಿದ್ದು ನೂರಲ್ಲ, ಐನೂರು.

"ಹಾಲು ಸಾಲದೆ ಸೊರಗಿದ್ದು ಅಡಕತ್ತರಿ ಮಾರಾಯ, ಕೂಸಲ್ಲ."

ನಾನು ನಕ್ಕೆ, ಅವರು ನಗಲಿಲ್ಲ. ಕಾರ್ಡಿನಲ್ಲಿ ತಾವೇ ಬರೆದಿದ್ದ ಹಿಂದಿನ ಅಂಕಿಯನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ 'ಬಟ್ಟೆ ಬಿಚ್ಚಿಸದೆ ತೂಗಿದ್ದು ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದರು.

"ಮೇಲಿನವರು ಕೇಳಿದ್ರೆ?" ಎಂದೆ.

"ಕೇಳ್ಲಿ. ಈ ತಂಗಿ ಒಂದು ವಾರ ಅತ್ತದ್ದಕ್ಕೆ ಯಾರು ಸಹಿ ಹಾಕೂದು?"

ರಕ್ಷಿತಾ ಆ ಸಾಲನ್ನು ಎರಡು ಸಲ ಓದಿದಳು. ನಿದ್ದೆಹೋದ ಕೂಸನ್ನು ಹೆಗಲಿಗೆ ಹಾಕಿಕೊಂಡು, ನನ್ನನ್ನೂ ಅವ್ವನನ್ನೂ ಹಿಂದೆ ಬಿಟ್ಟು ನಡೆದಳು.

ಅಂಕಿಯನ್ನು ನಂಬಿ ಬದುಕುವ ನಮ್ಮಂಥವರಿಗೆ, ಅಂಕಿ ಹೊಂದದಿದ್ದರೆ ಮನುಷ್ಯರನ್ನೇ ತಿದ್ದುವ ಚಾಳಿ. ಅಪರೂಪಕ್ಕೊಬ್ಬರು ತಮ್ಮ ಕೈಬರಹವನ್ನೇ ಹೊಡೆದುಹಾಕಿ, ಎದುರು ಕೂತವಳನ್ನು ಸರಿ ಎನ್ನುತ್ತಾರೆ. ಅಂಥವರ ಹೆಸರು ಬೆಳೆದ ಮಕ್ಕಳಿಗೆ ನೆನಪಿರುವುದಿಲ್ಲ. ತನ್ನ ಮೈಯನ್ನು ಮತ್ತೆ ನಂಬಿದ ತಾಯಿ ಮಾತ್ರ ಮರೆಯುವುದಿಲ್ಲ.